ಕುಟುಂಬ ವೀಸಾ: ನಿಕಾಹ್‌ಗೆ ಮುನ್ನ ಕೇಳಬೇಕಾದ ಪ್ರಶ್ನೆ

(ಕರಾವಳಿಯ ಒಂದು ಜಮಾಅತ್‌ನ ಕುಟುಂಬ ಸಂಗಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೌಟುಂಬಿಕ ಜೀವನದ ಕುರಿತು ಮಾತನಾಡಬೇಕೆಂದು ಸಂಘಟಕರು ನಮ್ಮನ್ನು ಕರೆದಾಗ ವಿಷಯದ ಆಯ್ಕೆಯನ್ನು ನಮಗೇ ಬಿಟ್ಟಿದ್ದರು. ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ಪತ್ನಿಯ ಕರ್ತವ್ಯಗಳ ಬಗ್ಗೆ ಒಂದು ಗಂಟೆ, ಪತಿಯ ಕರ್ತವ್ಯಗಳ ಬಗ್ಗೆ ಐದು ನಿಮಿಷ ಮಾತನಾಡುವ ರೂಢಿಯಿದೆ. ನಾವು ಇಂದು ಆರಿಸಿಕೊಂಡಿರುವ ವಿಷಯ ಕುಟುಂಬ ವೀಸಾ. ಇದನ್ನು ಕೇಳಿ ಕೆಲವರು ಮುಗುಳ್ನಗುತ್ತಿರುವುದು ಇಲ್ಲಿಂದಲೇ ಕಾಣಿಸುತ್ತಿದೆ. ಟ್ರಾವೆಲ್ ಏಜೆನ್ಸಿಯ ಮೇಜಿನ ಮುಂದೆ ಮಾತನಾಡಬೇಕಾದುದನ್ನು ಮಸೀದಿಯ ಅಂಗಳಕ್ಕೆ ಏಕೆ ತಂದರು ಎಂದು ನೀವು ಕೇಳಬಹುದು. ಆದರೆ ನಮ್ಮ ಊರುಗಳ ದಾಂಪತ್ಯದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇಂದು ಆ ಮೇಜಿನ ಮೇಲೆಯೇ ತೀರ್ಮಾನವಾಗುತ್ತಿವೆ. ಮಂಗಳೂರಿನಿಂದ ಭಟ್ಕಳದವರೆಗೆ ಯಾವ ಜಮಾಅತ್‌ನಲ್ಲೇ ಆಗಲಿ, ಗಲ್ಫ್‌ನಲ್ಲಿ ಒಬ್ಬರೂ ಇಲ್ಲದ ಮನೆಯವರು ಕೈ ಎತ್ತಿರಿ ಎಂದರೆ ಎಷ್ಟು ಕೈಗಳು ಮೇಲೇಳುತ್ತವೆ ಎಂಬುದನ್ನು ನೀವೇ ಊಹಿಸಿರಿ.

ನಮ್ಮ ಮನೆಯಿಂದಲೇ ಆರಂಭಿಸೋಣ. ನಮ್ಮ ತಂದೆ 1987ರಲ್ಲಿ ಸೌದಿ ಅರೇಬಿಯಾದ ಜುಬೈಲ್‌ಗೆ ಹೋದರು, 2010ರಲ್ಲಿ ಶಾಶ್ವತವಾಗಿ ಮರಳಿದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ತಂದೆ ಮರಳಿದ ಕೆಲವು ದಿನಗಳ ನಂತರ ತಾಯಿ ಅಕ್ಕಿ ಆರಿಸುತ್ತಾ ಕುಳಿತಿದ್ದವರು ಇದ್ದಕ್ಕಿದ್ದಂತೆ ಒಂದು ಲೆಕ್ಕ ಹೇಳಿದರು. "ಇಪ್ಪತ್ತಮೂರು ವರ್ಷದಲ್ಲಿ ಹನ್ನೊಂದು ರಜೆ. ಒಟ್ಟು ಇಪ್ಪತ್ತೆರಡು ತಿಂಗಳು. ನಮ್ಮ ಸಂಸಾರ ಅಷ್ಟೇ ಮಗನೇ." ಅವರ ಧ್ವನಿಯಲ್ಲಿ ದೂರು ಇರಲಿಲ್ಲ. ಅಂಗಡಿಯ ಚೀಟಿ ಓದುವಂತೆ ಓದಿದರು, ಮತ್ತೆ ಅಕ್ಕಿಯ ಕಡೆಗೆ ತಿರುಗಿದರು. ಆದರೆ ಅವರು ಆ ಲೆಕ್ಕವನ್ನು ಎಷ್ಟು ವರ್ಷಗಳಿಂದ ಮನಸ್ಸಿನಲ್ಲಿ ಕೂಡಿಸುತ್ತಾ ಬಂದಿದ್ದರೋ ಎಂದು ಯೋಚಿಸಿ ನಾವು ಅಂದು ಮಾತಿಲ್ಲದಾದೆವು. ನಮಗೆ ತಂದೆ ಎಂದರೆ ಬಹುಕಾಲ ಒಂದು ಕ್ಯಾಸೆಟ್ ಆಗಿತ್ತು. ಊರಿಗೆ ಬರುವ ಯಾರದೋ ಪೆಟ್ಟಿಗೆಯಲ್ಲಿ ಬರುತ್ತಿದ್ದ, ಎರಡೂ ಬದಿ ತುಂಬಾ ಮಾತು ತುಂಬಿದ ಕ್ಯಾಸೆಟ್.

ತಂದೆ ಏಕೆ ನಮ್ಮನ್ನು ಕರೆಸಿಕೊಳ್ಳಲಿಲ್ಲ? ಪ್ರೀತಿ ಇರಲಿಲ್ಲವೆಂದಲ್ಲ. ಅವರು ಹೋಗಿದ್ದುದು 'ಆಮಿಲ್' ವೀಸಾದಲ್ಲಿ. ಆಮಿಲ್ ಎಂದರೆ ಕೂಲಿಕಾರ. ಕೆಲವೇ ವರ್ಷಗಳಲ್ಲಿ ಅವರು ಕಂಪೆನಿಯ ಉಗ್ರಾಣದ ಲೆಕ್ಕಪತ್ರ ನೋಡುವ ಕೆಲಸಕ್ಕೆ ಬಂದಿದ್ದರು. ಆದರೆ ಇಕಾಮದಲ್ಲಿ, ಅಂದರೆ ಅಲ್ಲಿಯ ವಾಸದ ಪರವಾನಿಗೆಯಲ್ಲಿ, ವೃತ್ತಿಯ ಮುಂದೆ ಬರೆದಿದ್ದ ಆ ಒಂದು ಪದ ಕೊನೆಯವರೆಗೂ ಬದಲಾಗಲಿಲ್ಲ. ಆ ಪದ ಇರುವವರಿಗೆ ಕುಟುಂಬ ವೀಸಾ ಸಿಗುತ್ತಿರಲಿಲ್ಲ. ಮದ್ರಸದಲ್ಲಿ ಅರಬಿ ವ್ಯಾಕರಣ ಕಲಿಯುವಾಗ 'ಅಮಲ್' ಎಂಬ ಧಾತುವಿನಿಂದ ಬರುವ ರೂಪಗಳನ್ನು ನಾವು ಬಾಯಿಪಾಠ ಮಾಡಿದ್ದೆವು. ಅದೇ ಧಾತುವಿನ ಒಂದು ರೂಪ ನಮ್ಮ ಬಾಲ್ಯವನ್ನು ನಿರ್ಧರಿಸಿತ್ತೆಂದು ಆಗ ನಮಗೆ ತಿಳಿದಿರಲಿಲ್ಲ.

ಆತ್ಮೀಯರೇ, ಇದು ಕೇವಲ ಕಾನೂನಿನ ವಿಷಯವೇ? ಖಲೀಫಾ ಉಮರ್(ರ)ರ ಕಾಲದ ಒಂದು ಘಟನೆಯನ್ನು ನೀವೆಲ್ಲ ಕೇಳಿದ್ದೀರಿ. ರಾತ್ರಿ ಮದೀನಾದ ಬೀದಿಗಳಲ್ಲಿ ಸಂಚರಿಸುವಾಗ ಅವರಿಗೆ ಒಂದು ಮನೆಯೊಳಗಿಂದ ಮಹಿಳೆಯೊಬ್ಬಳ ವಿರಹದ ಹಾಡು ಕೇಳಿಸಿತು. ವಿಚಾರಿಸಿದಾಗ ಆಕೆಯ ಪತಿ ಸೈನ್ಯದಲ್ಲಿ ದೂರದಲ್ಲಿರುವುದು ತಿಳಿಯಿತು. ಅವರು ತಮ್ಮ ಪುತ್ರಿ, ವಿಶ್ವಾಸಿಗಳ ಮಾತೆ ಹಫ್ಸಾ(ರ)ರ ಬಳಿಗೆ ಹೋಗಿ, ಪತಿಯಿಲ್ಲದೆ ಓರ್ವ ಪತ್ನಿ ಎಷ್ಟು ಕಾಲ ಸಹಿಸಬಲ್ಲಳೆಂದು ಕೇಳಿದರು. ವರದಿಗಳಲ್ಲಿ ನಾಲ್ಕು ತಿಂಗಳೆಂದೂ ಆರು ತಿಂಗಳೆಂದೂ ಪಾಠಭೇದವಿದೆ. ಆ ಉತ್ತರದ ಆಧಾರದ ಮೇಲೆ ಯಾವ ಯೋಧನನ್ನೂ ಅದಕ್ಕಿಂತ ಹೆಚ್ಚು ಕಾಲ ಮನೆಯಿಂದ ದೂರವಿರಿಸಬಾರದೆಂದು ಅವರು ಆಜ್ಞೆ ಹೊರಡಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಉಮರ್(ರ) ಆ ಮಹಿಳೆಯನ್ನು ಕರೆಸಿ ತಾಳ್ಮೆಯ ಉಪದೇಶ ಮಾಡಲಿಲ್ಲ, ಹಾಡಿದ್ದಕ್ಕೆ ಗದರಿಸಲೂ ಇಲ್ಲ. ರಾಜ್ಯದ ನಿಯಮವನ್ನೇ ಬದಲಾಯಿಸಿದರು. ನಮ್ಮ ವೇದಿಕೆಗಳು ಈ ಕಥೆಯನ್ನು ಖಲೀಫರ ಕಾಳಜಿಯ ಉದಾಹರಣೆಯಾಗಿ ಹೇಳಿ ಮುಗಿಸುತ್ತವೆ. ಇದೇ ಅಂಗಳದ ಸುತ್ತಲಿನ ಮನೆಗಳಿಗೆ ಅದನ್ನು ಅನ್ವಯಿಸುವ ಧೈರ್ಯ ನಮಗೆ ಬಂದಿಲ್ಲ.

ಪವಿತ್ರ ಕುರ್‌ಆನ್‌ನ ಅತ್ತಲಾಕ್ ಅಧ್ಯಾಯದಲ್ಲಿ ವಿಚ್ಛೇದಿತ ಮಹಿಳೆಯರ ಕುರಿತಾದ ಒಂದು ಆದೇಶವಿದೆ. ಇದ್ದಾದ ಕಾಲದಲ್ಲಿ ಅವರನ್ನು, ನೀವು ವಾಸಿಸುವಲ್ಲಿಯೇ ನಿಮ್ಮ ಸಾಮರ್ಥ್ಯಕ್ಕೆ ತಕ್ಕಂತೆ ವಾಸಿಸಗೊಡಬೇಕೆಂಬುದು ಅದರ ಸಾರ. ಸಂಬಂಧ ಕಡಿದುಕೊಂಡವಳಿಗೇ ಇಷ್ಟು ಹಕ್ಕಿರುವಾಗ ಸಂಬಂಧದಲ್ಲಿರುವವಳಿಗೆ ಎಷ್ಟಿರಬೇಕು? ಪ್ರವಾದಿ(ಸ) ಪ್ರಯಾಣ ಹೊರಡುವಾಗ ಪತ್ನಿಯರ ನಡುವೆ ಚೀಟಿ ಎತ್ತಿ ಒಬ್ಬರನ್ನು ಜೊತೆಗೆ ಕರೆದೊಯ್ಯುತ್ತಿದ್ದರೆಂಬುದು ಬುಖಾರಿಯಲ್ಲಿದೆ. ಅಂದಿನ ಪ್ರಯಾಣಗಳೋ, ಹೆಚ್ಚಾಗಿ ಕೆಲವು ವಾರಗಳು. ನಾವು ಎರಡು ವರ್ಷಕ್ಕೆ ಹೊರಡುವವರು ಚೀಟಿಯನ್ನೂ ಎತ್ತುವುದಿಲ್ಲ, ಆಕೆಯ ಅಭಿಪ್ರಾಯವನ್ನೂ ಕೇಳುವುದಿಲ್ಲ.

ಇನ್ನು ಇಂದಿನ ಸ್ಥಿತಿಗೆ ಬರೋಣ. ಗಲ್ಫ್ ರಾಷ್ಟ್ರಗಳೆಲ್ಲ ಒಂದೇ ಎಂದು ಭಾವಿಸಿ ಮಾತನಾಡುವವರಿದ್ದಾರೆ. ಅದು ತಪ್ಪು. ಯುಎಇಯಲ್ಲಿ 2019ರವರೆಗೆ ವೃತ್ತಿಯ ಹೆಸರೂ ಲೆಕ್ಕಕ್ಕೆ ಬರುತ್ತಿತ್ತು. ಆ ವರ್ಷ ಜಾರಿಗೆ ಬಂದ ತಿದ್ದುಪಡಿಯಲ್ಲಿ ವೃತ್ತಿಯನ್ನು ಬದಿಗಿರಿಸಿ ಆದಾಯವನ್ನು ಮಾತ್ರ ಮಾನದಂಡವಾಗಿಸಲಾಯಿತು. ತಿಂಗಳಿಗೆ 4,000 ದಿರ್ಹಮ್, ಅಥವಾ 3,000 ದಿರ್ಹಮ್ ಜೊತೆಗೆ ಕಂಪೆನಿ ನೀಡುವ ವಸತಿ. 2022ರ ಅಕ್ಟೋಬರ್‌ನಿಂದ ಗಂಡುಮಕ್ಕಳನ್ನು 25 ವರ್ಷದವರೆಗೆ ತಂದೆಯ ಪ್ರಾಯೋಜಕತ್ವದಲ್ಲಿ ಇರಿಸಿಕೊಳ್ಳಲು ಅವಕಾಶವಾಯಿತು. ಅದಕ್ಕೆ ಮೊದಲು ಹದಿನೆಂಟು ದಾಟಿದ ಹುಡುಗ ತಂದೆಯ ಪ್ರಾಯೋಜಕತ್ವದಲ್ಲಿ ಉಳಿಯಬೇಕಾದರೆ ಓದುತ್ತಿರಬೇಕಿತ್ತು. ಕುವೈತ್ ಬೇರೆ ದಾರಿ ಹಿಡಿಯಿತು. 2022ರಲ್ಲಿ ಕುಟುಂಬ ವೀಸಾವನ್ನೇ ನಿಲ್ಲಿಸಿ, 2024ರ ಜನವರಿಯಲ್ಲಿ ಮತ್ತೆ ತೆರೆದಾಗ 800 ದಿನಾರ್ ವೇತನ ಹಾಗೂ ವಿಶ್ವವಿದ್ಯಾನಿಲಯದ ಪದವಿ, ಎರಡನ್ನೂ ಕೇಳಿತು. ಅದೇ ವರ್ಷದ ಜುಲೈನಲ್ಲಿ ಪದವಿಯ ಷರತ್ತನ್ನು ಕೈಬಿಟ್ಟಿತು. ಆದರೆ 800 ದಿನಾರ್ ಉಳಿಯಿತು. ನಮ್ಮ ಊರಿನಿಂದ ಹೋಗಿರುವ ಚಾಲಕರಲ್ಲಿ, ಅಂಗಡಿಯ ಹುಡುಗರಲ್ಲಿ, ಹೋಟೆಲ್ ಕೆಲಸಗಾರರಲ್ಲಿ ಆ ಮೊತ್ತ ಮುಟ್ಟುವವರು ಯಾರಿದ್ದಾರೆ?

ಸೌದಿಯ ಕಥೆ ನಮ್ಮವರಿಗೆ ಹೆಚ್ಚು ಪರಿಚಿತ, ಏಕೆಂದರೆ ಗಾಯ ಇನ್ನೂ ಹಸಿಯಾಗಿದೆ. 2017ರ ಜುಲೈಯಿಂದ ಅಲ್ಲಿ ಪ್ರತಿಯೊಬ್ಬ ಅವಲಂಬಿತನಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಆರಂಭವಾಯಿತು. ಪ್ರತಿ ವರ್ಷ ನೂರರಂತೆ ಏರಿ 2020ರ ಜುಲೈಗೆ 400 ಮುಟ್ಟಿತು. ಪತ್ನಿ ಮತ್ತು ಮೂವರು ಮಕ್ಕಳಿರುವವನು ಮೊದಲ ವರ್ಷ ಕಟ್ಟಬೇಕಾಗಿದ್ದುದು 4,800 ರಿಯಾಲ್. 2020ರ ದರದಲ್ಲಿ ಅದೇ ಕುಟುಂಬಕ್ಕೆ 19,200 ರಿಯಾಲ್, ಅಂದಿನ ವಿನಿಮಯದಲ್ಲಿ ಹೆಚ್ಚುಕಡಿಮೆ ಮೂರು ಲಕ್ಷದ ಎಂಬತ್ತು ಸಾವಿರ ರೂಪಾಯಿ. ಅದೂ ಇಕಾಮ ನವೀಕರಣದ ಸಮಯದಲ್ಲಿ ಮುಂಗಡವಾಗಿ. ಮನೆ ಬಾಡಿಗೆ, ಶಾಲೆಯ ಫೀಸು, ಆರೋಗ್ಯ ವಿಮೆ ಬೇರೆ. ಅದೇ 2020ರ ಜುಲೈಯಲ್ಲಿ ಅಲ್ಲಿಯ ಮೌಲ್ಯವರ್ಧಿತ ತೆರಿಗೆ ಶೇ. 5ರಿಂದ 15ಕ್ಕೇರಿತು. ಆ ಮೂರ್ನಾಲ್ಕು ವರ್ಷಗಳಲ್ಲಿ ದಮ್ಮಾಮ್, ಜುಬೈಲ್, ಜಿದ್ದಾಗಳಿಂದ ಮಹಿಳೆಯರೂ ಮಕ್ಕಳೂ ಸಾಲು ಸಾಲಾಗಿ ಊರಿಗೆ ಮರಳಿದುದನ್ನು ನಾವೆಲ್ಲ ಕಂಡಿದ್ದೇವೆ. ವರ್ಷದ ನಡುವೆ ಶಾಲೆ ಬದಲಾಯಿಸಿದ ಮಕ್ಕಳು ಇಲ್ಲಿಯ ತರಗತಿಗಳಲ್ಲಿ ಕನ್ನಡ ಅಕ್ಷರ ತಿಳಿಯದೆ ಹಿಂದಿನ ಬೆಂಚಿನಲ್ಲಿ ಕುಳಿತರು. ಪತಿ ಮತ್ತೆ ಬ್ಯಾಚುಲರ್ ಕೋಣೆಗೆ ಸೇರಿದ. ಮದುವೆಯಾಗಿ ಹದಿನೈದು ವರ್ಷವಾದವನನ್ನು ಬ್ಯಾಚುಲರ್ ಎಂದು ಕರೆಯುವ ಪದಪ್ರಯೋಗ ಗಲ್ಫ್‌ನಲ್ಲಿ ಮಾತ್ರ ಸಾಧ್ಯ!

ಹಾಗೆಂದು ಅರಬರನ್ನು ಮಾತ್ರ ದೂರುವುದು ನ್ಯಾಯವಲ್ಲ. ಬ್ರಿಟನ್ 2024ರ ಏಪ್ರಿಲ್‌ನಲ್ಲಿ, ವಿದೇಶದಿಂದ ಸಂಗಾತಿಯನ್ನು ಕರೆಸಿಕೊಳ್ಳುವವನ ಕನಿಷ್ಠ ವಾರ್ಷಿಕ ಆದಾಯದ ಮಿತಿಯನ್ನು 18,600 ಪೌಂಡ್‌ನಿಂದ 29,000ಕ್ಕೆ ಏರಿಸಿತು. ವಲಸೆ ಕಾರ್ಮಿಕರ ಕುಟುಂಬಗಳು ಒಂದಾಗಲು ಸರಕಾರಗಳು ಅನುಕೂಲ ಕಲ್ಪಿಸಬೇಕೆಂದು ಹೇಳುವ ವಿಶ್ವಸಂಸ್ಥೆಯ ಒಡಂಬಡಿಕೆ 1990ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂತು. ಗಲ್ಫ್ ರಾಷ್ಟ್ರಗಳು ಅದನ್ನು ಅನುಮೋದಿಸಿಲ್ಲ, ಯುರೋಪಿನ ಶ್ರೀಮಂತ ರಾಷ್ಟ್ರಗಳೂ ಅನುಮೋದಿಸಿಲ್ಲ. ವಲಸೆ ಹೋದವರ ಹಣವನ್ನು ಜಗತ್ತಿನಲ್ಲೇ ಅತಿ ಹೆಚ್ಚು ಪಡೆಯುವ ನಮ್ಮ ಭಾರತವೂ ಅನುಮೋದಿಸಿಲ್ಲ. ಹಣ ಎಲ್ಲರಿಗೂ ಬೇಕು. ಹಣ ಗಳಿಸುವವನಿಗೆ ಒಂದು ಮನೆಯಿದೆ ಎಂಬುದು ಯಾರಿಗೂ ಬೇಡ.

ನಮ್ಮ ದೇಶದಲ್ಲಿಯೇ ಇದರ ಇನ್ನೊಂದು ಮುಖವನ್ನು ಇತ್ತೀಚೆಗೆ ಕಂಡೆವು. 2025ರ ಏಪ್ರಿಲ್ 22ರ ಪಹಲ್ಗಾಮ್ ಹತ್ಯಾಕಾಂಡದ ನಂತರ, ಪಾಕಿಸ್ತಾನಿ ಪ್ರಜೆಗಳ ವೀಸಾಗಳನ್ನು ಏಪ್ರಿಲ್ 27ರಿಂದ ಅನ್ವಯವಾಗುವಂತೆ ರದ್ದುಪಡಿಸಲಾಯಿತು. ದೀರ್ಘಾವಧಿ ವೀಸಾ ಹೊಂದಿದವರಿಗೆ ವಿನಾಯಿತಿಯಿತ್ತು. ಆ ಹತ್ಯೆಗಳನ್ನು ಖಂಡಿಸುವುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಭಾರತೀಯರನ್ನು ವಿವಾಹವಾಗಿ ಇಲ್ಲಿಯೇ ಮಕ್ಕಳನ್ನು ಹೆತ್ತ ಮಹಿಳೆಯರ ಪಾಲಿಗೆ ಆ ಐದಾರು ದಿನಗಳು ಹೇಗಿದ್ದವು ಎಂಬುದನ್ನು ಯೋಚಿಸಿರಿ. ಅರ್ಜಿ ಸಲ್ಲಿಸಿ ಮಂಜೂರಾತಿಗೆ ಕಾಯುತ್ತಿದ್ದವಳಿಗೂ ಮಂಜೂರಾತಿ ಕೈಯಲ್ಲಿದ್ದವಳಿಗೂ ನಡುವೆ ಇದ್ದುದು ಒಂದು ಕಾಗದ. ಆ ಕಾಗದ ಇದ್ದವಳು ಮನೆಯಲ್ಲಿ ಉಳಿದಳು, ಇಲ್ಲದವಳು ಅಟ್ಟಾರಿ ಗಡಿಯ ಸಾಲನ್ನು ನೆನೆದು ನಡುಗಿದಳು.

ಕಾಗದದ ಮಾತು ಬಂದುದರಿಂದ, ಇಲ್ಲಿ ಕುಳಿತಿರುವ ಸಮಿತಿಯ ಹಿರಿಯರಲ್ಲಿ ಒಂದು ವಿನಂತಿ ಮಾಡಬೇಕಾಗಿದೆ. ತಪ್ಪು ತಿಳಿಯಬಾರದು. ಹತ್ತಾರು ಕುಟುಂಬಗಳ ವೀಸಾ ತಡವಾಗುವುದಕ್ಕೆ ಕಾರಣ ದುಬೈಯಲ್ಲೂ ಇಲ್ಲ, ರಿಯಾದ್‌ನಲ್ಲೂ ಇಲ್ಲ. ಅದು ನಮ್ಮ ಮಸೀದಿಗಳ ಕಪಾಟಿನಲ್ಲಿದೆ, ನಿಕಾಹ್ ಪುಸ್ತಕದಲ್ಲಿ.

ನಮ್ಮ ಅಕ್ಕನ ನಿಕಾಹ್ 2014ರಲ್ಲಿ ನಡೆಯಿತು. ಭಾವ ಶಾರ್ಜಾದಲ್ಲಿದ್ದರು. ವೇತನ ಸಾಕಷ್ಟಿತ್ತು, ಮನೆ ನೋಡಿಯಾಗಿತ್ತು. ಮೂರು ತಿಂಗಳಲ್ಲಿ ಕರೆಸಿಕೊಳ್ಳುವೆನೆಂದು ಹೇಳಿ ಹೋದರು. ನಿಕಾಹ್ ಪುಸ್ತಕದಲ್ಲಿ ಅಕ್ಕನ ಹೆಸರಿನ ಕೊನೆಗೆ 'ಬೀಬಿ' ಎಂದಿತ್ತು. ಪಾಸ್‌ಪೋರ್ಟಿನಲ್ಲಿ 'ಬಾನು' ಎಂದಿತ್ತು. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಎರಡೂ ಇರಲಿಲ್ಲ. ಪುಸ್ತಕದಲ್ಲಿ ತಂದೆಯ ಹೆಸರಿನ ಮುಂದೆ ಮನೆತನದ ಹೆಸರು, ಪಾಸ್‌ಪೋರ್ಟಿನಲ್ಲಿ ಅದಿಲ್ಲ. ದಿನಾಂಕವೋ, ಹಿಜ್‌ರಿ ಮಾತ್ರ. ಬರೆದವರು ಊರಿನ ಪ್ರತಿ ಮನೆಯನ್ನೂ ಬಲ್ಲ ಹಿರಿಯರು. ಅವರ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು, ಏಕೆಂದರೆ ಆಕೆಯನ್ನು ಹುಟ್ಟಿದಂದಿನಿಂದ ಅವರು ಕರೆಯುತ್ತಿದ್ದುದೇ ಹಾಗೆ. ಆದರೆ ಬೆಂಗಳೂರಿನ ಕೌಂಟರಿನಲ್ಲಿ ಕುಳಿತವನಿಗೆ ಬೀಬಿ ಒಬ್ಬಳು, ಬಾನು ಇನ್ನೊಬ್ಬಳು. ಅಫಿದಾವಿತ್, ಪತ್ರಿಕೆಯಲ್ಲಿ ಪ್ರಕಟಣೆ, ಹೊಸ ಪ್ರಮಾಣಪತ್ರ ಎಂದು ಅಲೆದಾಡುವುದರಲ್ಲಿ ಎಂಟು ತಿಂಗಳು ಕಳೆಯಿತು. ಅಷ್ಟರಲ್ಲಿ ಮಗು ಹುಟ್ಟಿತು. ಈಗ ಮಗುವಿನ ಜನನ ಪ್ರಮಾಣಪತ್ರಕ್ಕೂ ಅಟೆಸ್ಟೇಶನ್ ಬೇಕು, ಮಗುವಿಗೂ ಪಾಸ್‌ಪೋರ್ಟು ಬೇಕು. ಭಾವ ತಮ್ಮ ಮಗನನ್ನು ಮೊದಲ ಬಾರಿಗೆ ಎತ್ತಿಕೊಂಡಾಗ ಅವನಿಗೆ ಏಳು ತಿಂಗಳು. ವಿಮಾನ ನಿಲ್ದಾಣದಲ್ಲಿ ಅವನು ತಂದೆಯ ಗಡ್ಡ ಕಂಡು ಚೀರಿದನಂತೆ. ಅಕ್ಕ ಈಗಲೂ ಅದನ್ನು ನಗುತ್ತಲೇ ಹೇಳುತ್ತಾಳೆ.

ಈ ಅಲೆದಾಟದ ದಾರಿ ಯಾವುದೆಂದು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ಏಜೆಂಟರು ಇದನ್ನು ರಹಸ್ಯವಾಗಿಟ್ಟೇ ಹಣ ಮಾಡುತ್ತಾರೆ. ಮೊದಲು ಬೇಕಾದುದು ಸರಕಾರ ಮಾನ್ಯ ಮಾಡುವ ವಿವಾಹ ಪ್ರಮಾಣಪತ್ರ. ಅದರ ಮೇಲೆ ರಾಜ್ಯ ಸರಕಾರದ ದೃಢೀಕರಣ, ನಂತರ ಕೇಂದ್ರ ವಿದೇಶಾಂಗ ಸಚಿವಾಲಯದ ಮುದ್ರೆ. ಹೋಗಬೇಕಾದ ದೇಶ ಹೇಗ್‌ನ ಅಪೊಸ್ಟಿಲ್ ಒಪ್ಪಂದದಲ್ಲಿದ್ದರೆ ಅಲ್ಲಿಗೆ ಮುಗಿಯಿತು. ಭಾರತದಲ್ಲಿ ಅದು 2005ರಲ್ಲಿ ಜಾರಿಗೆ ಬಂತು, ಸೌದಿ ಅರೇಬಿಯಾದಲ್ಲಿ 2022ರಲ್ಲಿ. ಒಪ್ಪಂದದ ಹೊರಗಿರುವ ದೇಶವಾದರೆ ಅದರ ರಾಯಭಾರ ಕಚೇರಿಯ ಮುದ್ರೆಯೂ ಬೇಕು, ಅಲ್ಲಿಗೆ ತಲುಪಿದ ಮೇಲೆ ಅಲ್ಲಿಯ ವಿದೇಶಾಂಗ ಇಲಾಖೆಯ ಮುದ್ರೆಯೂ ಬೇಕು. ಅರಬಿ ಭಾಷಾಂತರ ಬೇಕಾದಲ್ಲಿ ಮಾನ್ಯತೆ ಪಡೆದ ಭಾಷಾಂತರಕಾರನೇ ಮಾಡಬೇಕು. ನಮ್ಮಂತಹ ಮದ್ರಸದ ಪದವೀಧರ ಮಾಡಿಕೊಟ್ಟರೆ ನಡೆಯದು! ಅಲ್ಲಿಯ ಬಾಡಿಗೆ ಕರಾರು ಕೂಡ ನೋಂದಣಿಯಾಗಿರಬೇಕು. ದುಬೈಯಲ್ಲಿ ಅದಕ್ಕೆ ಇಜಾರಿ ಎನ್ನುತ್ತಾರೆ. ಇಬ್ಬರು ಸ್ನೇಹಿತರ ಹೆಸರಿನಲ್ಲಿರುವ ಮನೆಯ ಒಂದು ಕೋಣೆಯನ್ನು ನಂಬಿ ಕುಟುಂಬವನ್ನು ಕರೆಸುವೆನೆಂದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ.

ಮೊದಲ ಹೆಜ್ಜೆಯಾದ ವಿವಾಹ ಪ್ರಮಾಣಪತ್ರದ ವಿಷಯದಲ್ಲಿಯೇ ನಮ್ಮವರಲ್ಲಿ ದೊಡ್ಡ ಗೊಂದಲವಿದೆ. 2023ರ ಆಗಸ್ಟ್‌ನಲ್ಲಿ ರಾಜ್ಯ ಸರಕಾರವು ವಕ್ಫ್ ಮಂಡಳಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರ ಕೊಟ್ಟು ಆದೇಶ ಹೊರಡಿಸಿತು. ವಿದೇಶಕ್ಕೆ ಹೋಗುವ ದಂಪತಿಗಳ ತೊಂದರೆಯೇ ಅದರ ಹಿಂದಿನ ಕಾರಣ. ಆದರೆ ವಕ್ಫ್ ಕಾಯ್ದೆಯಲ್ಲಿ ಅಂತಹ ಅಧಿಕಾರವೇ ಇಲ್ಲವೆಂಬ ವಾದದ ಮೇಲೆ ರಾಜ್ಯ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಆ ಆದೇಶಕ್ಕೆ ತಡೆಯಾಜ್ಞೆ ನೀಡಿತು. ಇದರಲ್ಲಿ ಸಮುದಾಯದ ವಿರುದ್ಧ ಸಂಚು ಹುಡುಕುವುದಕ್ಕಿಂತ, ನಮ್ಮ ಮುಂದೆ ಅದಕ್ಕೂ ಮೊದಲಿನಿಂದ ತೆರೆದಿರುವ ಬಾಗಿಲನ್ನು ನೋಡುವುದು ಲೇಸು. ವಿವಾಹ ನೋಂದಣಿಗಾಗಿಯೇ ರಾಜ್ಯದಲ್ಲಿ 1976ರ ಕಾಯ್ದೆಯೊಂದಿದೆ. ಎಲ್ಲ ಧರ್ಮೀಯರ ವಿವಾಹಗಳೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿಯೇ ನಿರ್ದೇಶನ ನೀಡಿದೆ. ನಿಕಾಹ್ ಮಸೀದಿಯಲ್ಲಿ ನಡೆಯಲಿ, ಮರುವಾರ ದಂಪತಿಗಳು ಸಾಕ್ಷಿಗಳೊಂದಿಗೆ ಉಪನೋಂದಣಾಧಿಕಾರಿಯ ಕಚೇರಿಗೂ ಹೋಗಲಿ. ಇದರಿಂದ ಶರೀಅತ್‌ಗೆ ಯಾವ ಕುಂದೂ ಬಾರದು. ಸಾಲದ ವ್ಯವಹಾರವನ್ನೇ ಬರೆದಿಡಬೇಕೆಂದು ಕಲಿಸಿದ ಧರ್ಮ ನಮ್ಮದು. ವಿವಾಹವನ್ನು ಬರೆದಿಡುವುದಕ್ಕೆ ಅಂಜಿಕೆ ಏಕೆ? ವರ ಗಲ್ಫ್‌ಗೆ ಹಿಂದಿರುಗಿದ ಮೇಲೆ ನೋಂದಣಿಗೆ ಹೊರಟರೆ ಅವನ ಮುಂದಿನ ರಜೆಯವರೆಗೆ ಕಾಯಬೇಕಾಗುತ್ತದೆ ಎಂಬುದನ್ನೂ ನೆನಪಿಡಿರಿ.

ಕಾಗದವೆಲ್ಲ ಸರಿಯಿದ್ದು ವೇತನವೂ ಸಾಕಷ್ಟಿದ್ದು ಕರೆಸಿಕೊಳ್ಳದವರ ವಿಷಯವನ್ನು ಈಗ ಹೇಳಬೇಕು. ಇದು ಸ್ವಲ್ಪ ಕಹಿ. ಅವರಲ್ಲಿ ಕೆಲವರು ಹೇಳುವ ಕಾರಣ ಮನೆ ಕಟ್ಟಿಸುವುದು. ನಾಲ್ಕು ಮಲಗುವ ಕೋಣೆ, ಮೆಟ್ಟಿಲಿಗೆ ಗ್ರಾನೈಟ್, ಎದುರು ಕಮಾನು. ಗಂಡನಿಲ್ಲದ ಹೆಂಡತಿ ಆ ಮನೆಯ ಕೋಣೆಗಳನ್ನು ದಿನಾ ಗುಡಿಸುತ್ತಾಳೆ. ಗಂಡ ಅಲ್ಲಿ ಆರು ಮಂದಿಯ ಕೋಣೆಯಲ್ಲಿ ಮೇಲಿನ ಮಂಚದಲ್ಲಿ ಮಲಗುತ್ತಾನೆ. ಮನೆಗೆ ಹಾಕಿದ ಹಣದ ಒಂದು ಭಾಗದಲ್ಲಿ ಇಬ್ಬರೂ ಶಾರ್ಜಾದ ಒಂದು ಪುಟ್ಟ ಕೋಣೆಯಲ್ಲಿ ಕೆಲವು ವರ್ಷ ಬದುಕಬಹುದಿತ್ತು. ಇನ್ನು ಕೆಲವರು ತಂದೆತಾಯಿಯರ ಸೇವೆಯ ಕಾರಣ ಹೇಳುತ್ತಾರೆ. ತಂದೆತಾಯಿಯರ ಸೇವೆ ಮಹಾ ಪುಣ್ಯದ ಕಾರ್ಯ, ಸಂದೇಹವಿಲ್ಲ. ಆದರೆ ಫಿಕ್‌ಹ್‌ನ ಗ್ರಂಥಗಳಲ್ಲಿ ಅದು ಮಗನ ಮೇಲಿನ ಹೊಣೆ. ಸೊಸೆ ಮಾಡಿದರೆ ಅದು ಅವಳ ಔದಾರ್ಯ, ಅದಕ್ಕಾಗಿ ಅವಳಿಗೆ ಪ್ರತ್ಯೇಕ ಕೃತಜ್ಞತೆ ಸಲ್ಲಬೇಕು. ತನ್ನ ಹೊಣೆಯನ್ನು ಅವಳ ಹೆಗಲಿಗೆ ದಾಟಿಸಿ, ಅದನ್ನೇ ಅವಳನ್ನು ಬಿಟ್ಟುಹೋಗಲು ಕಾರಣವಾಗಿ ತೋರಿಸುವುದು ಎಂತಹ ನ್ಯಾಯ?

ಹೋಗುವುದೇ ಎಲ್ಲಕ್ಕೂ ಪರಿಹಾರವೆಂದು ನಾವು ಹೇಳುತ್ತಿಲ್ಲ. ಹೋಗಲು ಇಷ್ಟಪಡದ ಮಹಿಳೆಯರಿದ್ದಾರೆ. ಊರಿನಲ್ಲಿ ಶಿಕ್ಷಕಿಯಾಗಿ ನೆಲೆ ಕಂಡವಳು, ತಾಯಿಮನೆಯ ಆಸರೆಯಲ್ಲಿ ಮಕ್ಕಳನ್ನು ಓದಿಸುತ್ತಿರುವವಳು, ಹತ್ತನೇ ಮಹಡಿಯ ಎರಡು ಕೋಣೆಗಳಲ್ಲಿ ಸಂಜೆಯವರೆಗೆ ಒಬ್ಬಳೇ ಕುಳಿತಿರಲು ಒಪ್ಪದಿದ್ದರೆ ಅವಳ ಮಾತಿಗೆ ಬೆಲೆ ಕೊಡಬೇಕು. ಅವಲಂಬಿತರ ವೀಸಾದಲ್ಲಿ ಇನ್ನೊಂದು ಗಂಡಾಂತರವೂ ಇದೆ. ಇಡೀ ಸಂಸಾರ ಒಬ್ಬನ ನೌಕರಿಯ ಮೇಲೆ ತೂಗುತ್ತಿರುತ್ತದೆ. ಅವನ ಕೆಲಸ ಹೋದರೆ ಅವನ ಜೊತೆ ಪತ್ನಿಯ ವಾಸದ ಹಕ್ಕು, ಮಕ್ಕಳ ಶಾಲೆ, ಎಲ್ಲವೂ ಹೋಗುತ್ತದೆ. 2020ರ ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನಗಳು ಆರಂಭವಾದಾಗ ಗರ್ಭಿಣಿಯರು, ಕೆಲಸ ಕಳೆದುಕೊಂಡವರು, ವೀಸಾ ಮುಗಿದವರು ಮೊದಲ ಪಟ್ಟಿಯಲ್ಲಿದ್ದರು. ಅವರಲ್ಲಿ ಎಷ್ಟೋ ಮಂದಿಯ ಬಳಿ ಊರಿನಲ್ಲಿ ಆರು ತಿಂಗಳು ನಡೆಸಲು ಬೇಕಾದ ಹಣವೂ ಇರಲಿಲ್ಲ. ಆದುದರಿಂದ ಕುಟುಂಬವನ್ನು ಕರೆಸಿಕೊಳ್ಳುವವನು ಹೋಗುವ ಟಿಕೆಟ್ಟಿನೊಂದಿಗೆ, ಹಠಾತ್ತಾಗಿ ಹಿಂದಿರುಗಬೇಕಾಗಿ ಬಂದರೆ ಬೇಕಾದ ಹಣವನ್ನೂ ತೆಗೆದಿಡಬೇಕು. ಪತ್ನಿಯ ಹೆಸರಿನಲ್ಲಿ, ಊರಿನ ಬ್ಯಾಂಕಿನಲ್ಲಿ.

ವೇತನದ ಮಿತಿಯನ್ನು ಎಂದೂ ಮುಟ್ಟಲಾರದವರ ವಿಷಯವೂ ನಮ್ಮ ಮುಂದಿದೆ. 2024ರ ಜೂನ್ 12ರಂದು ಕುವೈತಿನ ಮಂಗಫ್‌ನ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದಾಗ ನಲವತ್ತಕ್ಕೂ ಹೆಚ್ಚು ಭಾರತೀಯರು ಮೃತಪಟ್ಟರು. ಅಲ್ಲಿ ಮಲಗಿದ್ದವರು ಇಂತಹ 'ಬ್ಯಾಚುಲರ್'ಗಳೇ. ಅಂಥವರಿಗೆ ನಾವು ಕುಟುಂಬ ವೀಸಾ ಮಾಡಿಸಿಕೊಡಲಾರೆವು. ಆದರೆ ಜಮಾಅತ್‌ನ ಬೈತುಲ್ ಮಾಲ್‌ನಿಂದ ಬಡ್ಡಿಯಿಲ್ಲದ ಸಾಲ ಕೊಟ್ಟು ಎರಡು ವರ್ಷದ ರಜೆಯನ್ನು ವರ್ಷಕ್ಕೊಮ್ಮೆಯಾಗಿಸಲು ನೆರವಾಗಬಹುದಲ್ಲವೇ? ಪತ್ನಿಯನ್ನು ವಿಸಿಟ್ ವೀಸಾದಲ್ಲಿ ಒಂದೆರಡು ತಿಂಗಳಾದರೂ ಕಳುಹಿಸಬಹುದಲ್ಲವೇ? ವಿಮಾನದ ಟಿಕೆಟ್ಟಿಗೆ ಸಾಲ ಕೊಟ್ಟ ಜಮಾಅತನ್ನು ನಾವು ಇನ್ನೂ ಕಂಡಿಲ್ಲ. ಮದುವೆಯ ಊಟಕ್ಕೆ ಸಾಲ ಕೊಟ್ಟುದನ್ನು ಕಂಡಿದ್ದೇವೆ.

ಇನ್ನು ನಾವು ಹೇಳಬೇಕೆಂದಿದ್ದ ಮುಖ್ಯ ಮಾತು. ಹೆಣ್ಣು ನೋಡುವ ಶಾಸ್ತ್ರದ ದಿನ ಎರಡೂ ಕಡೆಯವರು ಕುಳಿತು ಚಿನ್ನ ಎಷ್ಟು ಪವನು ಎಂದು ಮಾತನಾಡುತ್ತಾರೆ, ಕೇಳಬಾರದ ಮಾತನ್ನು. ಊಟಕ್ಕೆ ಎಷ್ಟು ಜನ, ಸಭಾಂಗಣ ಯಾವುದು, ಎಲ್ಲವೂ ಚರ್ಚೆಯಾಗುತ್ತದೆ. ಹುಡುಗ ಗಲ್ಫ್‌ನಲ್ಲಿದ್ದಾನೆ ಎಂಬುದನ್ನು ಹೆಮ್ಮೆಯಿಂದ ಹೇಳಲಾಗುತ್ತದೆ. ಆದರೆ ಅವನ ವೀಸಾ ಯಾವುದು, ವೃತ್ತಿಯ ಮುಂದೆ ಏನು ಬರೆದಿದೆ, ವೇತನ ನಿಜವಾಗಿ ಎಷ್ಟು, ಕರೆಸಿಕೊಳ್ಳಲು ಸಾಧ್ಯವೇ, ಸಾಧ್ಯವಿದ್ದರೆ ಯಾವಾಗ, ಇಲ್ಲವಾದರೆ ರಜೆ ಎಷ್ಟು ತಿಂಗಳಿಗೊಮ್ಮೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಸಂಬಂಧ ತಪ್ಪಿಹೋಗುವ ಭಯ. ಹುಡುಗಿಯ ತಂದೆಗಂತೂ ಆ ಪ್ರಶ್ನೆ ಬಾಯಿಗೆ ಬರುವುದೇ ಇಲ್ಲ, ಏಕೆಂದರೆ ಅವನೂ ತನ್ನ ಹೆಂಡತಿಯನ್ನು ಹಾಗೆಯೇ ಬಿಟ್ಟು ಹೋದವನು.

ನಿಕಾಹ್‌ನ ವೇಳೆ ಒಪ್ಪಿದ ಷರತ್ತುಗಳೇ ಎಲ್ಲಕ್ಕಿಂತ ಹೆಚ್ಚಾಗಿ ಪಾಲಿಸಲ್ಪಡಬೇಕಾದವು ಎಂಬರ್ಥದ ಪ್ರವಾದಿ ವಚನ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಪತ್ನಿಯ ವಾಸಸ್ಥಾನದ ಕುರಿತಾದ ಷರತ್ತು ಎಷ್ಟರ ಮಟ್ಟಿಗೆ ಬಂಧಿಸುತ್ತದೆ ಎಂಬುದರಲ್ಲಿ ಇಮಾಮರ ನಡುವೆ ಭಿನ್ನಾಭಿಪ್ರಾಯವಿದೆ. ಹನ್ಬಲಿ ವಿದ್ವಾಂಸರು ಅದನ್ನು ಪಾಲಿಸಲೇಬೇಕೆನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಬಹುಪಾಲು ಜನ ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ನಿಕಾಹ್ ಸಿಂಧುವಾಗುತ್ತದೆ, ಅಂತಹ ಷರತ್ತು ಬಂಧಕವಲ್ಲ. ಇದನ್ನು ಮರೆಮಾಚದೆ ಹೇಳುತ್ತಿದ್ದೇವೆ, ನಾಳೆ ಯಾರಾದರೂ ಗ್ರಂಥ ತೆರೆದು ನಮ್ಮನ್ನು ಹಿಡಿಯಬಾರದಲ್ಲ. ಆದರೆ ಷರತ್ತು ಬಂಧಕವೋ ಅಲ್ಲವೋ ಎಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಟ್ಟು, ಹಿರಿಯರ ಮುಂದೆ ಕೊಟ್ಟ ಮಾತಿಗೆ ಸತ್ಯವಿಶ್ವಾಸಿಯು ಎಷ್ಟು ಬೆಲೆ ಕೊಡಬೇಕೆಂದು ಕೇಳಿಕೊಳ್ಳೋಣ. ಖತೀಬರು ನಿಕಾಹ್ ನೆರವೇರಿಸುವ ಮುನ್ನ ವರನನ್ನು ಪಕ್ಕಕ್ಕೆ ಕರೆದು, "ಇವಳನ್ನು ಯಾವಾಗ ಕರೆಸಿಕೊಳ್ಳುತ್ತೀಯಪ್ಪಾ?" ಎಂದು ಒಂದು ಮಾತು ಕೇಳಲಿ. ಅವನು ಕೊಟ್ಟ ಉತ್ತರವನ್ನು ಹುಡುಗಿಗೂ ತಿಳಿಸಲಿ. ಉತ್ತರ 'ಸಾಧ್ಯವಿಲ್ಲ' ಎಂದಿದ್ದರೂ ಸರಿ. ಅದನ್ನು ಕೇಳಿದ ಮೇಲೂ ಅವಳು ಒ‍ಪ್ಪಿದರೆ ಅದು ಅವಳ ಒಪ್ಪಿಗೆ. ನಮ್ಮ ತಾಯಿಗೆ ಆ ಉತ್ತರ ಸಿಕ್ಕಿದ್ದು ನಿಕಾಹ್‌ನ ದಿನವಲ್ಲ, ಇಪ್ಪತ್ತಮೂರು ವರ್ಷದ ನಂತರ.

ಸಮಯ ಮೀರುತ್ತಿದೆಯೆಂದು ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಒಂದು ಪ್ರಕಟಣೆ ಮಾತ್ರ ಉಳಿದಿದೆ. ನಮ್ಮ ಕೋರಿಕೆಯಂತೆ ಸಮಿತಿಯವರು ಕಳೆದ ಹತ್ತು ವರ್ಷಗಳ ನಿಕಾಹ್ ಪುಸ್ತಕಗಳನ್ನು ಹೊರತೆಗೆಯಲು ಒಪ್ಪಿದ್ದಾರೆ. ಇಶಾ ನಮಾಝ್‌ನ ಬಳಿಕ ಮದ್ರಸದ ಜಗಲಿಯಲ್ಲಿ ಮೇಜು ಹಾಕಿ ಇಬ್ಬರು ಯುವಕರು ಕುಳಿತಿರುತ್ತಾರೆ. ಮಹಿಳೆಯರಿಗೆ ಒಳಗಿನ ಕೋಣೆಯಲ್ಲಿ ಬೇರೆಯೇ ವ್ಯವಸ್ಥೆಯಿದೆ. ಪಾಸ್‌ಪೋರ್ಟ್, ಎಸೆಸೆಲ್ಸಿ ಅಂಕಪಟ್ಟಿ, ಮಕ್ಕಳ ಜನನ ಪ್ರಮಾಣಪತ್ರ ಈ ಮೂರನ್ನೂ ತನ್ನಿರಿ. ಪುಸ್ತಕದ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸವಿದ್ದರೂ ಬರೆಸಿರಿ. ಪತಿ ಊರಿನಲ್ಲಿಲ್ಲದವರು ಅವರ ಇಕಾಮ ಅಥವಾ ಎಮಿರೇಟ್ಸ್ ಐಡಿಯ ನಕಲನ್ನು ಫೋನಿನಲ್ಲಿ ತರಿಸಿಕೊಂಡು ಬಂದರೆ, ವೃತ್ತಿಯ ಮುಂದೆ ಬರೆದಿರುವುದೇನೆಂದು ನಾವೇ ಓದಿ ಹೇಳುತ್ತೇವೆ. ನಾವು ರಾತ್ರಿ ಹನ್ನೊಂದರವರೆಗೆ ಇಲ್ಲಿಯೇ ಇರುತ್ತೇವೆ.

ವಸ್ಸಲಾಮು ಅಲೈಕುಮ್ ವ ರಹ್ಮತುಲ್ಲಾಹಿ ವ ಬರಕಾತುಹೂ.